ಸಿರಿಭೂವಲಯವೂ ಮಾನ್ಯಖೇಟವೂ

ಮಳಖೇಡದ ಕೋಟೆಯ ಮಗ್ಗುಲಲ್ಲಿ ಹರಿಯುವ ಕಾಗಿಣಾ ಹೊಳೆ ಮುಂದೆ ಭೀಮೆಯನ್ನು ಕೂಡುತ್ತದೆ. ಅದೇ ನೀರು ಯಾದಗಿರಿಯನ್ನು ಹಾದು ಕೃಷ್ಣೆಗೆ ಹೋಗುತ್ತದೆ. ಆದುದರಿಂದ ಯಾದಗಿರಿ, ಶಹಾಪುರ, ಸುರಪುರಗಳ ಜನರಾದ ನಮಗೆ ಮಳಖೇಡವು ಪುಸ್ತಕದಲ್ಲಿ ಓದಿ ತಿಳಿಯಬೇಕಾದ ದೂರದ ಊರಲ್ಲ. ಯಾದಗಿರಿಯಿಂದ ಉತ್ತರಕ್ಕೆ ಸುಮಾರು ೫೦ ಕಿಲೋಮೀಟರಿನೊಳಗೆ, ಸೇಡಂ ತಾಲ್ಲೂಕಿನಲ್ಲಿ, ಹಾಸುಗಲ್ಲುಗಳ ನಾಡಿನ ನಡುವೆ ಅದು ಇದೆ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಕ್ರಿ. ಶ. ೮೧೪ರಿಂದ ೮೭೮ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ರಾಜಧಾನಿ. ಕವಿರಾಜಮಾರ್ಗವು ಹುಟ್ಟಿದ್ದು ಆ ಆಸ್ಥಾನದಲ್ಲಿ. ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದ ಮೊದಲಲ್ಲಿ ಹೊಗಳಿದ್ದು ಆ ದೊರೆಯನ್ನು. ೮೫೧ರ ಸುಮಾರಿಗೆ ಅರಬ್ಬೀ ವರ್ತಕ ಸುಲೈಮಾನನ ಬರಹದಲ್ಲಿ ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದ್ದೂ ಈ ಮನೆತನದ ದೊರೆಯನ್ನೇ.

ಇಷ್ಟು ಸಂಗತಿಗಳಿಗೆ ಆಧಾರವುಂಟು. ಇದೇ ಮಾನ್ಯಖೇಟದ ಹೆಸರಿಗೆ ಹೊಂದಿಕೊಂಡು ಇನ್ನೊಂದು ಗ್ರಂಥದ ಸುದ್ದಿಯೂ ಹಬ್ಬಿದೆ. ಅದನ್ನು ಕೇಳಿದವರು ಒಮ್ಮೆಗೇ ಬೆರಗಾಗುತ್ತಾರೆ, ಕೆಲವರು ನಗುತ್ತಾರೆ, ಓದಿ ನೋಡಿದವರು ಮಾತ್ರ ವಿರಳ. ಅಮೋಘವರ್ಷನಿಗೆ ಗುರುವಾಗಿದ್ದ ಕುಮುದೇಂದು ಎಂಬ ಜೈನಮುನಿಯು ಒಂದೇ ಒಂದು ಅಕ್ಷರವನ್ನೂ ಬಳಸದೆ, ಬರಿಯ ಅಂಕೆಗಳಿಂದಲೇ, ಜಗತ್ತಿನ ಎಲ್ಲ ವಿದ್ಯೆಗಳನ್ನೂ ೭೧೮ ಭಾಷೆಗಳಲ್ಲಿ ಅಡಗಿಸಿದ ಒಂದು ಕಾವ್ಯವನ್ನು ರಚಿಸಿದನಂತೆ. ಅದರ ಹೆಸರು ಸಿರಿಭೂವಲಯ. ಆ ಕುಮುದೇಂದುವಿನ ಊರು ನಂದಿಬೆಟ್ಟದ ಬಳಿಯ ಯಲವಳ್ಳಿಯೆಂದೂ, ಧವಲಾಟೀಕೆಯನ್ನು ಬರೆದ ವೀರಸೇನಾಚಾರ್ಯರ ಶಿಷ್ಯಪರಂಪರೆಯವನೆಂದೂ ಗ್ರಂಥವನ್ನು ಬೆಳಕಿಗೆ ತಂದವರು ಹೇಳಿದ್ದಾರೆ.

ಮೊದಲು ಆ ಗ್ರಂಥ ಹೇಗಿದೆ ಎಂಬುದನ್ನು ನೋಡೋಣ. ಅಡ್ಡಸಾಲಿಗೆ ೨೭, ಉದ್ದಸಾಲಿಗೆ ೨೭ ಮನೆಗಳುಳ್ಳ ಒಂದು ಚೌಕವನ್ನು ಮನಸ್ಸಿನಲ್ಲಿ ಗೆರೆ ಹಾಕಿಕೊಳ್ಳಿ. ಒಟ್ಟು ೭೨೯ ಮನೆಗಳಾದವು. ಪ್ರತಿ ಮನೆಯಲ್ಲಿಯೂ ೧ರಿಂದ ೬೪ರ ಒಳಗಿನ ಒಂದು ಅಂಕೆ. ಇದಕ್ಕೆ ಚಕ್ರವೆಂದು ಹೆಸರು. ಇಂಥ ಚಕ್ರಗಳು ಮೂಲದಲ್ಲಿ ೧೬,೦೦೦ ಇದ್ದುವೆಂದು ಹೇಳಿಕೆ, ಸಿಕ್ಕಿರುವವು ೧,೨೭೦. ಹಾಳೆಯ ಮೇಲೆ ಕಣ್ಣಾಡಿಸಿದರೆ ಅಂಗಡಿಯ ಲೆಕ್ಕದ ಪುಸ್ತಕದಂತೆ ಕಾಣಬೇಕೇ ಹೊರತು ಕಾವ್ಯದ ಸುಳಿವೇ ಇಲ್ಲ.

ಅಂಕೆಗಳು ೬೪ಕ್ಕೇ ಏಕೆ ನಿಂತವು ಎಂದರೆ, ಅದು ಕವಿಯ ಸ್ವಂತ ಕಲ್ಪನೆಯಲ್ಲ. ಜೈನಾಗಮದ ಹಳೆಯ ವರ್ಣಮಾಲೆಯ ಲೆಕ್ಕ. ಅ, ಇ, ಉ, ಋ, ಌ, ಏ, ಐ, ಓ, ಔ ಎಂಬ ಒಂಬತ್ತು ಸ್ವರಗಳನ್ನು ಹ್ರಸ್ವ, ದೀರ್ಘ, ಪ್ಲುತ ಎಂದು ಮೂರು ಮೂರು ಬಗೆಯಾಗಿ ಎಣಿಸಿದರೆ ೨೭. ಕಕಾರದಿಂದ ಮಕಾರದವರೆಗಿನ ವರ್ಗಾಕ್ಷರಗಳು ೨೫, ಯಕಾರದಿಂದ ಹಕಾರದವರೆಗೆ ೮, ಒಟ್ಟು ವ್ಯಂಜನಗಳು ೩೩. ಅನುಸ್ವಾರ, ವಿಸರ್ಗ, ಜಿಹ್ವಾಮೂಲೀಯ, ಉಪಧ್ಮಾನೀಯಗಳೆಂಬ ಯೋಗವಾಹಗಳು ೪. ಎಲ್ಲ ಕೂಡಿ ೬೪. ಈ ಕ್ರಮದಂತೆ ಎಣಿಸಿದರೆ ಕ್ ಎಂಬುದು ೨೮, ಮ್ ಎಂಬುದು ೫೨, ಲ್ ಎಂಬುದು ೫೫ ಆಗುತ್ತದೆ. ಹ್ರಸ್ವ ಅಕಾರ ೧. ಆಗ ‘ಕಮಲ’ ಎಂಬ ಮಾತನ್ನು ೨೮, ೧, ೫೨, ೧, ೫೫, ೧ ಎಂದು ಬರೆಯಬಹುದು. ನಮ್ಮ ಹೈಸ್ಕೂಲಿನ ಹುಡುಗರಿಗೆ ಇದನ್ನೊಮ್ಮೆ ಹೇಳಿಕೊಟ್ಟರೆ ಸಾಕು, ಮರುದಿನವೇ ಹಿಂದಿನ ಬೆಂಚಿನವರು ಮೇಷ್ಟರಿಗೆ ತಿಳಿಯದಂತೆ ಅಂಕೆಯಲ್ಲಿ ಚೀಟಿ ಕಳಿಸತೊಡಗುತ್ತಾರೆ!

ಇಲ್ಲಿಯವರೆಗೆ ಸುಲಭ. ಕಷ್ಟವಿರುವುದು ಓದುವ ದಾರಿಯಲ್ಲಿ. ಚಕ್ರದ ಅಂಕೆಗಳನ್ನು ಎಡದಿಂದ ಬಲಕ್ಕೆ ಓದಿದರೆ ಏನೂ ಹೊರಡುವುದಿಲ್ಲ. ಮೇಲಿನ ಸಾಲಿನ ನಟ್ಟನಡುವೆ, ಎಂದರೆ ಹದಿನಾಲ್ಕನೆಯ ಮನೆಯಲ್ಲಿ ಆರಂಭಿಸಿ, ಓರೆಯಾಗಿ ಮೇಲಕ್ಕೂ ಬಲಕ್ಕೂ ಹತ್ತುತ್ತ, ಅಂಚು ತಲಪಿದಾಗ ಎದುರಿನ ಅಂಚಿಗೆ ಇಳಿಯುತ್ತ ಹೋಗಬೇಕು. ಎತ್ತ ಕೂಡಿದರೂ ಒಂದೇ ಮೊತ್ತ ಬರುವ ಮಾಯಾಚೌಕಗಳನ್ನು ತುಂಬುವವರು ಹಿಡಿಯುವ ದಾರಿಯೂ ಇದೇ. ಇದಕ್ಕೆ ಚಕ್ರಬಂಧವೆಂದು ಹೆಸರು. ಹಂಸಬಂಧ, ಶ್ರೇಣಿಬಂಧ ಮೊದಲಾಗಿ ಬೇರೆ ಬೇರೆ ದಾರಿಗಳೂ ಉಂಟು. ಹೀಗೆ ನಡೆದಾಗ ಹೊರಡುವುದು ಕನ್ನಡ ಸಾಂಗತ್ಯದ ಪದ್ಯಗಳು. ಅಷ್ಟಕ್ಕೇ ಮುಗಿಯಲಿಲ್ಲ. ಸಾಲಾಗಿ ಬರೆದ ಆ ಪದ್ಯಗಳ ಮೊದಲನೆಯ ಅಕ್ಷರಗಳನ್ನಷ್ಟೇ ಮೇಲಿನಿಂದ ಕೆಳಕ್ಕೆ ಕೂಡಿಸಿಕೊಂಡು ಹೋದರೆ ಪ್ರಾಕೃತದ ಗಾಥೆಯೂ, ನಡುವಿನ ಇಪ್ಪತ್ತೇಳನೆಯ ಅಕ್ಷರಗಳನ್ನು ಕೂಡಿಸಿದರೆ ಸಂಸ್ಕೃತದ ಶ್ಲೋಕವೂ ಮೂಡುತ್ತವೆ.

ಇಂಥದೊಂದು ವಸ್ತು ಲೋಕಕ್ಕೆ ಬಂದ ಬಗೆಯೂ ಒಂದು ಕಥೆಯಂತಿದೆ. ನೆಲಮಂಗಲದ ಕಡೆಯ ದೊಡ್ಡಬೆಲೆ ಎಂಬ ಊರಿನಲ್ಲಿ ಧರಣೇಂದ್ರ ಪಂಡಿತರೆಂಬ ವೈದ್ಯರ ಮನೆಯಲ್ಲಿ ಈ ಕಟ್ಟುಗಳು ಇದ್ದುವಂತೆ. ಅದರ ಮಹತ್ವವನ್ನು ಕೇಳಿ ತಿಳಿದ ಪಂಡಿತ ಯಲ್ಲಪ್ಪಶಾಸ್ತ್ರಿಗಳು ಎಷ್ಟು ಕೇಳಿದರೂ ಅವರು ಕೊಡಲೊಲ್ಲರು. ಕೊನೆಗೆ ಶಾಸ್ತ್ರಿಗಳು ಆ ಮನೆತನದ ಹೆಣ್ಣನ್ನೇ ಮದುವೆಯಾದರೆಂದೂ, ಪಂಡಿತರ ಕಾಲಾನಂತರ ಕಟ್ಟುಗಳು ಮಾರಾಟಕ್ಕೆ ಬಂದಾಗ ಹೆಂಡತಿಯ ಕೈಬಳೆಗಳನ್ನು ಕೊಟ್ಟು ಅವನ್ನು ಬಿಡಿಸಿಕೊಂಡರೆಂದೂ ಹೇಳುತ್ತಾರೆ. ಗ್ರಂಥಕ್ಕಾಗಿ ಮದುವೆಯಾದವರ ಕಥೆ ನಮ್ಮಲ್ಲಿ ಅಪೂರ್ವ. ಆ ತಾಯಿಗೆ ಬಳೆಗಳನ್ನು ಬಿಚ್ಚುವಾಗ ಏನೆನ್ನಿಸಿತೋ ಕಥೆ ಹೇಳುವವರು ಯಾರೂ ಕೇಳಿದಂತಿಲ್ಲ. ಅಂಕೆಯ ಹಾಳೆಗಳು ಮನೆಗೆ ಬಂದವು, ಬಳೆಗಳು ಹೋದವು. ಮುಂದೆ ವರ್ಷಗಟ್ಟಲೆ ಶಾಸ್ತ್ರಿಗಳ ಬಾಳು ಆ ಹಾಳೆಗಳ ಮುಂದೆಯೇ ಸವೆಯಿತು.

ಶಾಸ್ತ್ರಿಗಳೊಡನೆ ಸ್ವಾತಂತ್ರ್ಯ ಹೋರಾಟದಲ್ಲಿ ಹೆಸರಾದ ಕರ್ಲಮಂಗಲಂ ಶ್ರೀಕಂಠಯ್ಯನವರೂ, ಕನ್ನಡದ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆಯನ್ನು ರೂಪಿಸಿದ ಕೆ. ಅನಂತಸುಬ್ಬರಾಯರೂ ಸೇರಿದರು. ೧೯೫೩ರಲ್ಲಿ ಬೆಂಗಳೂರಿನ ಸರ್ವಾರ್ಥಸಿದ್ಧಿ ಸಂಘದಿಂದ ಗ್ರಂಥದ ಮೊದಲ ಭಾಗ ಅಚ್ಚಾಗಿ ಹೊರಬಂದಾಗ ಕನ್ನಡನಾಡಿನಲ್ಲಿ ದೊಡ್ಡ ಗದ್ದಲವೇ ಎದ್ದಿತು. ಇತಿಹಾಸಜ್ಞರಾದ ಎಸ್. ಶ್ರೀಕಂಠಶಾಸ್ತ್ರಿಗಳು ಇದನ್ನು ಗಂಭೀರವಾಗಿ ತೆಗೆದುಕೊಂಡು ಬರೆದರು. ರಾಷ್ಟ್ರಪತಿ ಬಾಬು ರಾಜೇಂದ್ರಪ್ರಸಾದರಿಗೂ ಕುತೂಹಲ ಹುಟ್ಟಿ, ದಿಲ್ಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಹಾಳೆಗಳ ಮೈಕ್ರೋಫಿಲ್ಮ್ ತೆಗೆಸಿ ಇಡುವ ಏರ್ಪಾಡಾಯಿತು. ಆಮೇಲೆ ಗದ್ದಲ ಅಡಗಿತು. ಅರ್ಧ ಶತಮಾನದ ನಂತರ, ೨೦೦೩ರಲ್ಲಿ, ಬೆಂಗಳೂರಿನ ಪುಸ್ತಕಶಕ್ತಿ ಪ್ರಕಾಶನವು ಅದನ್ನು ಮತ್ತೆ ಅಚ್ಚು ಮಾಡಿದ ಮೇಲೆ ಹಳೆಯ ಚರ್ಚೆಗೆ ಹೊಸ ಜೀವ ಬಂದಿದೆ. ಲೆಕ್ಕದ ಕೆಲಸಕ್ಕೆ ಈಗ ಕಂಪ್ಯೂಟರೂ ಒದಗಿದೆ.

ಬರಹವನ್ನು ಬಚ್ಚಿಡುವುದು ಕನ್ನಡಕ್ಕೆ ಹೊಸದೇನಲ್ಲ. ನಮ್ಮ ಹಳಗನ್ನಡ ಕವಿಗಳೂ ಸಂಸ್ಕೃತ ಕವಿಗಳೂ ಚಿತ್ರಕವಿತ್ವವೆಂಬ ಹೆಸರಿನಲ್ಲಿ ಪದ್ಯವನ್ನು ತಾವರೆಯ ಎಸಳಿನಲ್ಲಿ, ಖಡ್ಗದ ಅಲಗಿನಲ್ಲಿ, ತೇರಿನ ಗಾಲಿಯಲ್ಲಿ ಹೊಂದಿಸಿ ಆಡಿದ್ದಾರೆ. ಅಲ್ಲಮಪ್ರಭುವಿನ ಬೆಡಗಿನ ವಚನಗಳಲ್ಲಿ ಅಕ್ಷರಗಳು ಕಣ್ಣೆದುರಿಗೇ ಇದ್ದರೂ ಅರ್ಥ ಒಳಗಿರುತ್ತದೆ. ಅಷ್ಟು ದೂರ ಹೋಗುವುದೇ ಬೇಡ. ಹಿಂದೆ ಸುರಪುರ ತಾಲ್ಲೂಕಿಗೆ ಸೇರಿದ್ದು ಈಗ ಹುಣಸಗಿ ತಾಲ್ಲೂಕಿನಲ್ಲಿರುವ ಕೊಡೇಕಲ್ಲನ್ನೇ ನೋಡಿ. ಹದಿನಾರನೆಯ ಶತಮಾನದ ಕೊಡೇಕಲ್ ಬಸವಣ್ಣನ ಪರಂಪರೆಯಲ್ಲಿ ಕಾಲಜ್ಞಾನದ ವಚನಗಳನ್ನು ಅಮರಗನ್ನಡವೆಂಬ ಗುಪ್ತಲಿಪಿಯಲ್ಲಿ ಬರೆದಿಡುವ ಪದ್ಧತಿಯಿತ್ತು. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಆ ಗದ್ದುಗೆಯ ಹೊತ್ತಗೆಗಳು ಹೊರಗಿನವನಿಗೆ ಬರಿಯ ಗೆರೆಗಳಾಗಿ ಕಾಣುತ್ತವೆ. ಮಠದಲ್ಲಿ ಕಲಿತವನಿಗೆ ಕನ್ನಡವಾಗಿ ಕೇಳುತ್ತವೆ. ಮುಂದೆ ಏನಾಗುವುದೆಂದು ಹೇಳುವ ಮಾತನ್ನು ಎಲ್ಲರ ಬಾಯಿಗೂ ಹಾಕಬಾರದೆಂಬ ಎಚ್ಚರ ಅದರ ಹಿಂದೆ ಇರಬೇಕು. ಆಳುವವರು ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂದು ನುಡಿಯುವ ವಚನವನ್ನು ಆಳುವವರ ಕಣ್ಣಿಗೆ ಬೀಳದಂತೆ ಇಡುವುದು ಜಾಣತನವೇ ಸರಿ.

ಆದರೆ ಅಮರಗನ್ನಡಕ್ಕೂ ಭೂವಲಯಕ್ಕೂ ಒಂದು ಮುಖ್ಯವಾದ ಅಂತರವಿದೆ. ಲಿಪಿಯನ್ನು ಬಲ್ಲ ಇಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಓದಿಸಿದರೆ ಇಬ್ಬರೂ ಒಂದೇ ವಚನವನ್ನು ಓದಿಯಾರು. ಭೂವಲಯದಲ್ಲಿ ಮೊದಲ ಪದರದವರೆಗೆ, ಎಂದರೆ ಚಕ್ರಬಂಧದಿಂದ ಸಾಂಗತ್ಯ ಹೊರಡುವವರೆಗೆ, ಈ ಮಾತು ನಿಲ್ಲುತ್ತದೆ. ಯಾರು ಬೇಕಾದರೂ ಗೆರೆ ಹಾಕಿ ಪರೀಕ್ಷಿಸಬಹುದು. ಅದರ ಕೆಳಗೆ ಇಳಿದಂತೆ, ಇಲ್ಲಿ ಒಂದು ಅಕ್ಷರ ಬಿಟ್ಟು ಅಲ್ಲಿ ಎರಡು ಹಾರಿ ಆಯ್ದುಕೊಳ್ಳುವ ಸ್ವಾತಂತ್ರ್ಯ ಹೆಚ್ಚುತ್ತ ಹೋಗುತ್ತದೆ. ಆಯುವ ಸ್ವಾತಂತ್ರ್ಯ ಹೆಚ್ಚಾದಷ್ಟೂ ಸಿಕ್ಕಿದ್ದರ ಬೆಲೆ ಇಳಿಯುತ್ತದೆ. ಪಂಚಭಾಷೆಯ ಭಗವದ್ಗೀತೆ ಸಿಕ್ಕಿತು, ವಿಮಾನವಿದ್ಯೆ ಸಿಕ್ಕಿತು, ಅಣುವಿಜ್ಞಾನ ಸಿಕ್ಕಿತು ಎಂಬ ಘೋಷಣೆಗಳನ್ನು ಕೇಳುವಾಗಲೆಲ್ಲ ನನಗೆ ಒಂದು ಸಂದೇಹ: ಅಣುಬಾಂಬಿನ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆಯೇ ಅದು ಹಳೆಯ ಗ್ರಂಥಗಳಲ್ಲಿ ಕಾಣಿಸಿಕೊಳ್ಳುವುದೇಕೆ?

ಹೇಳಿಕೆಗಳಲ್ಲಿ ಬರುವ ದೊಡ್ಡ ದೊಡ್ಡ ಸಂಖ್ಯೆಗಳನ್ನು ಕಂಡು ಹೆದರಬೇಕಾಗಿಲ್ಲ, ಹೀಯಾಳಿಸಲೂಬೇಕಾಗಿಲ್ಲ. ಅವುಗಳ ಮೂಲವನ್ನು ತಿಳಿದರೆ ಸಾಕು. ೭೧೮ ಭಾಷೆಗಳೆಂಬುದನ್ನೇ ತೆಗೆದುಕೊಳ್ಳಿ. ತೀರ್ಥಂಕರರ ಸಮವಸರಣದಲ್ಲಿ ಹೊಮ್ಮುವ ದಿವ್ಯಧ್ವನಿಯು ೧೮ ಮಹಾಭಾಷೆಗಳಾಗಿಯೂ ೭೦೦ ಕಿರುಭಾಷೆಗಳಾಗಿಯೂ ಪರಿಣಮಿಸಿ, ದೇವತೆಗಳಿಗೆ, ಮನುಷ್ಯರಿಗೆ, ಪಶುಪಕ್ಷಿಗಳಿಗೆ ತಂತಮ್ಮ ನುಡಿಯಲ್ಲಿ ತಿಳಿಯುತ್ತದೆ ಎಂಬುದು ಜೈನರ ಬಹು ಹಳೆಯ ನಂಬಿಕೆ. ೧೮ಕ್ಕೆ ೭೦೦ ಕೂಡಿದರೆ ೭೧೮. ಕವಿಯು ತನ್ನ ಕಾವ್ಯವನ್ನು ದಿವ್ಯಧ್ವನಿಗೆ ಹೋಲಿಸಿದ್ದಾನೆ. ಅದನ್ನು ಭಾಷಾಶಾಸ್ತ್ರದ ಪಟ್ಟಿಯೆಂದು ಹಿಡಿದವರು ನಾವು.

ಅಂಕೆಯಲ್ಲಿ ಕಾವ್ಯವೆಂಬ ಭಾವನೆಗೂ ಹೀಗೆಯೇ ಒಂದು ಬೇರುಂಟು. ಆದಿದೇವನು ತನ್ನ ಹೆಣ್ಣುಮಕ್ಕಳಿಬ್ಬರನ್ನೂ ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ಬ್ರಾಹ್ಮಿಗೆ ಬಲಗೈಯಿಂದ ಅಕ್ಷರಗಳನ್ನೂ ಸುಂದರಿಗೆ ಎಡಗೈಯಿಂದ ಅಂಕೆಗಳನ್ನೂ ಬರೆದು ಕಲಿಸಿದನೆಂಬ ಕಥೆಯನ್ನು ಅಮೋಘವರ್ಷನ ಕಾಲದ ಜಿನಸೇನಾಚಾರ್ಯರ ಪುರಾಣದಲ್ಲಿ ಓದುತ್ತೇವೆ. ಅಕ್ಕನ ಪಾಲು ಅಕ್ಷರ, ತಂಗಿಯ ಪಾಲು ಅಂಕೆ. ತಂಗಿಯ ಪಾಲಿನೊಳಗೇ ಅಕ್ಕನದನ್ನೂ ಇಡಬಹುದೆಂದು ತೋರಿಸುವ ಆಟ ಭೂವಲಯದ್ದು. ಇನ್ನು ೬೪ ಅಕ್ಷರಗಳನ್ನು ಒಂಟಿಯಾಗಿ, ಜೋಡಿಯಾಗಿ, ಮೂರುಮೂರಾಗಿ ಎಷ್ಟು ಬಗೆಯಲ್ಲಿ ಕೂಡಿಸಬಹುದೆಂಬ ಲೆಕ್ಕವನ್ನು ಜೈನಾಚಾರ್ಯರು ಶ್ರುತಜ್ಞಾನದ ಅಳತೆಗಾಗಿ ಮಾಡಿದ್ದಾರೆ. ಹತ್ತನೆಯ ಶತಮಾನದ ನೇಮಿಚಂದ್ರರ ಗೊಮ್ಮಟಸಾರದಲ್ಲಿ ಅದು ಬರುತ್ತದೆ. ಉತ್ತರ: ೧೮೪೪೬೭೪೪೦೭೩೭೦೯೫೫೧೬೧೫. ಚದುರಂಗದ ಹಲಗೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಇಮ್ಮಡಿಸುತ್ತ ಹೋಗುವ ಕಥೆ ಬಲ್ಲವರಿಗೆ ಈ ಸಂಖ್ಯೆ ಪರಿಚಿತ. ಎರಡೂ ಒಂದೇ ಲೆಕ್ಕ.

ಆರು ಲಕ್ಷ ಪದ್ಯಗಳೆಂಬ ಮಾತನ್ನು ಮಾತ್ರ ಸ್ವಲ್ಪ ತೂಗಿ ನೋಡಬೇಕು. ೧೬,೦೦೦ ಚಕ್ರಗಳಿಗೆ ೭೨೯ರಂತೆ ಒಂದು ಕೋಟಿ ಹದಿನಾರು ಲಕ್ಷ ಅರವತ್ತನಾಲ್ಕು ಸಾವಿರ ಅಂಕೆಗಳಾಗುತ್ತವೆ. ಇದನ್ನು ಆರು ಲಕ್ಷಕ್ಕೆ ಹಂಚಿದರೆ ಪದ್ಯವೊಂದಕ್ಕೆ ಇಪ್ಪತ್ತು ಅಂಕೆಯೂ ಬೀಳುವುದಿಲ್ಲ. ಸಾಂಗತ್ಯದ ಒಂದು ಪದ್ಯವನ್ನು ಸ್ವರ ವ್ಯಂಜನಗಳಾಗಿ ಬಿಡಿಸಿದರೆ ತೊಂಬತ್ತು ನೂರರ ಸಮೀಪ ಬೇಕಾಗುತ್ತದೆ. ಒಂದು ಚಕ್ರದಲ್ಲಿ ಏಳೆಂಟು ಪದ್ಯಗಳು ಹಿಡಿದಾವು. ಹಾಗಾದರೆ ಆರು ಲಕ್ಷವೆಂಬುದು ಪದರ ಪದರಗಳಲ್ಲಿ ಅಡಗಿವೆಯೆಂದು ಹೇಳುವ ಪದ್ಯಗಳನ್ನೆಲ್ಲ ಸೇರಿಸಿ ಎಣಿಸಿದ ಮಾತು. ಒಂದೇ ಜೋಳದ ರಾಶಿಯನ್ನು ಆರು ಸಲ ಅಳೆದು ಆರು ರಾಶಿ ಎಂದಂತೆ. ಸಿಕ್ಕಿರುವ ೧,೨೭೦ ಚಕ್ರಗಳ ಅಂಕೆಗಳೇ ೯,೨೫,೮೩೦ ಆಗುತ್ತವೆ. ಅಷ್ಟನ್ನು ತಪ್ಪದೆ ಬರೆದವನ ತಾಳ್ಮೆ ಸಾಮಾನ್ಯವಲ್ಲ. ಅದಕ್ಕೆ ಉತ್ಪ್ರೇಕ್ಷೆಯ ಊರುಗೋಲು ಬೇಡ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಇದು ನಿಜವಾಗಿ ಮಾನ್ಯಖೇಟದ ಕಾಲದ್ದೇ? ಹೌದೆನ್ನುವುದಾದರೆ ಕನ್ನಡ ಸಾಹಿತ್ಯದ ಇತಿಹಾಸವನ್ನು ಮೊದಲಿನಿಂದ ಬರೆಯಬೇಕಾಗುತ್ತದೆ. ಕವಿರಾಜಮಾರ್ಗದ ಪಕ್ಕದಲ್ಲಿಯೇ, ಪಂಪನಿಗಿಂತ ಸುಮಾರು ನೂರು ವರ್ಷ ಮೊದಲು, ಸಾವಿರಾರು ಸಾಂಗತ್ಯಗಳ ಒಂದು ಕಾವ್ಯವನ್ನು ಇರಿಸಬೇಕು. ಹಾಗಿರಿಸಲು ನನ್ನಂಥ ಪಂಡಿತ ಪರೀಕ್ಷೆಯ ಪಾಠ ಓದಿದವನಿಗೆ ಕೈ ಬರುವುದಿಲ್ಲ. ಕಾರಣಗಳಿವೆ.

ಮೊದಲನೆಯದು ಛಂದಸ್ಸು. ಸಾಂಗತ್ಯದಲ್ಲಿ ರಚಿತವಾದ ಕಾವ್ಯಗಳಲ್ಲಿ ನಮಗೆ ತಿಳಿದ ಮಟ್ಟಿಗೆ ಹಳೆಯವು ಹದಿಮೂರನೆಯ ಶತಮಾನದ ಶಿಶುಮಾಯಣನವು. ದೇಪರಾಜನ ಸೊಬಗಿನ ಸೋನೆ ಹದಿನೈದನೆಯ ಶತಮಾನದ್ದು. ರತ್ನಾಕರವರ್ಣಿಯ ಭರತೇಶವೈಭವದಲ್ಲಿ ಆ ಮಟ್ಟು ತನ್ನ ಪೂರ್ಣ ಪ್ರೌಢಿಯನ್ನು ಪಡೆದುದು ಹದಿನಾರನೆಯ ಶತಮಾನದಲ್ಲಿ. ಸಾಂಗತ್ಯವು ಹಾಡಿನ ಮಟ್ಟು. ಜನರ ಬಾಯಲ್ಲಿ ಎಷ್ಟೋ ಮೊದಲು ಇದ್ದಿರಬಹುದೆಂದು ವಾದಿಸುವವರಿದ್ದಾರೆ. ಇರಬಹುದು. ಬಾಯಲ್ಲಿ ಇದ್ದುದಕ್ಕೂ ಒಂಬತ್ತನೆಯ ಶತಮಾನದ ಮುನಿಯೊಬ್ಬ ಅದರಲ್ಲಿ ಇಷ್ಟು ದೊಡ್ಡ ಕಾವ್ಯ ಕಟ್ಟಿದ್ದಕ್ಕೂ ನಡುವೆ ನಾನೂರು ವರ್ಷಗಳ ಮೌನವಿದೆ.

ಎರಡನೆಯದು ವರ್ಣಗಳ ಮಾತು. ಇದನ್ನು ಯಾರೂ ಅಷ್ಟಾಗಿ ಎತ್ತದಿರುವುದು ನನಗೆ ಸೋಜಿಗ. ಮೇಲೆ ಹೇಳಿದ ೬೪ರ ಎಣಿಕೆ ಪ್ರಾಕೃತ ಸಂಸ್ಕೃತಗಳಿಗೆ ಹೊಂದುವಂಥದು. ಅದರಲ್ಲಿ ಕನ್ನಡದ ಶಕಟರೇಫವಾದ ಱಕಾರಕ್ಕೆ, ರಳವಾದ ೞಕಾರಕ್ಕೆ, ಕಡೆಗೆ ಕುಳವಾದ ಳಕಾರಕ್ಕೆ ಕೂಡ ಸ್ವಂತದ ಮನೆಯಿಲ್ಲ. ಅಮೋಘವರ್ಷನ ಕಾಲದ ಕನ್ನಡಿಗನಿಗೆ ಇವು ಬಿಡಬಹುದಾದ ಅಲಂಕಾರಗಳಲ್ಲ. ಅವನ ಬಾೞ್, ಪೇೞ್, ಏೞು, ಆಱು ಎಲ್ಲವೂ ಇವುಗಳ ಮೇಲೆಯೇ ನಿಂತಿದ್ದವು. ಸುಮಾರು ೧೨೬೦ರಲ್ಲಿ ಕೇಶಿರಾಜನು ಶಬ್ದಮಣಿದರ್ಪಣವನ್ನು ಬರೆಯುವಾಗ ರಳವುಳ್ಳ ಶಬ್ದಗಳನ್ನು ಪಟ್ಟಿ ಮಾಡಿ ಕೊಡಬೇಕಾಯಿತು. ಆ ಹೊತ್ತಿಗೆ ಜನರಿಗೆ ಅದು ಮರೆಯುತ್ತಿತ್ತೆಂಬುದು ಇದರಿಂದಲೇ ತಿಳಿಯುತ್ತದೆ. ಅವನು ಅಚ್ಚಗನ್ನಡಕ್ಕೆ ಸಲ್ಲುವ ವರ್ಣಗಳನ್ನು ೪೭ ಎಂದು ಎಣಿಸಿದಾಗಲೂ ಈ ಮೂರನ್ನು ಬಿಡಲಿಲ್ಲ. ಅವು ಕನ್ನಡದ ಬಾಯಿಂದ ಜಾರಿಹೋದ ಮೇಲೆ ಬಂದ ಕವಿಗೆ ೬೪ರ ಚೌಕಟ್ಟು ಸಾಲುತ್ತದೆ. ಅದಕ್ಕೆ ಮೊದಲಿನವನಿಗೆ ಸಾಲುವುದಿಲ್ಲ.

ಮೂರನೆಯದು ಸಮಕಾಲೀನರ ಮೌನ. ಜಿನಸೇನ, ಗುಣಭದ್ರ, ಮಹಾವೀರಾಚಾರ್ಯ, ಶ್ರೀವಿಜಯ ಇವರೆಲ್ಲ ತಂತಮ್ಮ ಗುರುಗಳನ್ನೂ ದೊರೆಯನ್ನೂ ನೆನೆಯುವಾಗ ಇಂಥದೊಂದು ಅದ್ಭುತವನ್ನು ಮಾಡಿದ ಕುಮುದೇಂದುವಿನ ಮಾತೇ ಬರುವುದಿಲ್ಲ. ಸಾಹಿತ್ಯ ಚರಿತ್ರೆಯಲ್ಲಿ ಮೊದಲಿನಿಂದ ಪರಿಚಿತನಾದ ಕುಮುದೇಂದು ಬೇರೆಯೇ ಇದ್ದಾನೆ. ಅವನು ಸುಮಾರು ೧೨೭೫ರಲ್ಲಿ ಷಟ್ಪದಿಯಲ್ಲಿ ಜೈನ ರಾಮಾಯಣ ಬರೆದವನು. ಹೀಗಾಗಿ ಭೂವಲಯವನ್ನು ಹದಿನೈದನೆಯ ಶತಮಾನಕ್ಕೂ ಅದರ ಈಚೆಗೂ ತರುವ ವಿದ್ವಾಂಸರ ಪಕ್ಷವೇ ನನಗೆ ಸರಿಯೆಂದು ತೋರುತ್ತದೆ. ಹಾಗೆಂದು ಇಡೀ ಗ್ರಂಥವೇ ಯಾರೋ ಕಟ್ಟಿದ ಮೋಸವೆಂದು ತಳ್ಳಿಬಿಡುವವರ ಜೊತೆಗೂ ನಾನಿಲ್ಲ. ಮೊದಲಕ್ಷರಗಳಲ್ಲಿ ಪ್ರಾಕೃತವನ್ನೂ ನಡುವಿನವುಗಳಲ್ಲಿ ಸಂಸ್ಕೃತವನ್ನೂ ಕೂಡಿಸಿ, ಮೇಲೆ ಕನ್ನಡದ ಪದ್ಯ ಕೆಡದಂತೆ ನಡೆಸುವುದು ತಿಂಗಳೊಪ್ಪತ್ತಿನ ಕೆಲಸವಲ್ಲ. ಆಗಮವನ್ನೂ ಛಂದಸ್ಸನ್ನೂ ಲೆಕ್ಕವನ್ನೂ ಬಲ್ಲ ಒಬ್ಬ ಜೈನ ಪಂಡಿತನೋ ಒಂದು ಶಿಷ್ಯಮಂಡಲವೋ ಬಾಳಿನುದ್ದಕ್ಕೂ ದುಡಿದ ಗುರುತು ಅದರಲ್ಲಿದೆ.

ಊರಿನ ಮೇಲಿನ ಅಭಿಮಾನ ಕಾಲವನ್ನೂ ಕವಿಯನ್ನೂ ಎಳೆದುಕೊಳ್ಳುವುದು ನಮಗೆ ಗೊತ್ತಿಲ್ಲದ್ದೇನಲ್ಲ. ಸುರಪುರದ ಬಳಿಯ ದೇವಪುರವೇ ಜೈಮಿನಿ ಭಾರತದ ಲಕ್ಷ್ಮೀಶನ ಊರೆಂದು ಈ ಸೀಮೆಯವರು ಹೇಳುತ್ತೇವೆ. ಕಡೂರು ಕಡೆಯವರು ದೇವನೂರೆನ್ನುತ್ತಾರೆ. ನಮ್ಮ ಮಾತು ನಮಗೆ ಸಿಹಿ. ಆದರೂ ತರಗತಿಯಲ್ಲಿ ಎರಡನ್ನೂ ಹೇಳಿಯೇ ಮುಂದೆ ಹೋಗುತ್ತೇನೆ.

ಮಾನ್ಯಖೇಟದ ಕಾಲದ ನಿಜವಾದ ಗ್ರಂಥವೊಂದು ಬಚ್ಚಿಟ್ಟ ಜಾಗದಿಂದ ಹೊರಬಂದುದನ್ನು ನೋಡಬೇಕಾದರೆ ಮೂಡಬಿದಿರೆಗೆ ಹೋಗಬೇಕು. ಕುಮುದೇಂದುವಿನ ಗುರುವೆಂದು ಹೇಳಲಾದ ಅದೇ ವೀರಸೇನರು ಷಟ್ಖಂಡಾಗಮಕ್ಕೆ ೭೨,೦೦೦ ಗ್ರಂಥಪ್ರಮಾಣದ ಧವಲಾಟೀಕೆಯನ್ನು ಬರೆದರು. ಕಷಾಯಪ್ರಾಭೃತಕ್ಕೆ ಜಯಧವಲೆಯನ್ನು ತೊಡಗಿ ೨೦,೦೦೦ದವರೆಗೆ ತಂದು ತೀರಿಕೊಂಡರು. ಶಿಷ್ಯರಾದ ಜಿನಸೇನರು ಇನ್ನು ೪೦,೦೦೦ವನ್ನು ಸೇರಿಸಿ ಶಕ ೭೫೯ರಲ್ಲಿ, ಎಂದರೆ ೮೩೭ರಲ್ಲಿ, ಅಮೋಘವರ್ಷನ ಆಳಿಕೆಯಲ್ಲಿ ಮುಗಿಸಿದರು. ಇವುಗಳ ತಾಳೆಯೋಲೆಗಳು ಹಳಗನ್ನಡ ಲಿ‍ಪಿಯಲ್ಲಿ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಯಾತ್ರಿಕರು ಬಂದು ಕೈಮುಗಿಯುತ್ತಿದ್ದರು, ಓದುವಂತಿರಲಿಲ್ಲ. ಗ್ರಂಥ ದೇವರಾಗಿತ್ತು.

ಸೊಲ್ಲಾಪುರದ ಹೀರಾಚಂದ ನೇಮಚಂದ ಶೇಠರ ಪ್ರಯತ್ನದಿಂದ ೧೮೯೬ರಲ್ಲಿ ಪ್ರತಿ ಮಾಡುವ ಕೆಲಸ ತೊಡಗಿ, ನಿಂತು, ಮತ್ತೆ ನಡೆದು, ೧೯೨೨ರ ಹೊತ್ತಿಗೆ ಮುಗಿಯಿತು. ಪ್ರತಿಯನ್ನು ಊರಿನಿಂದ ಹೊರಗೆ ಕೊಡಬಾರದೆಂಬುದು ಕಟ್ಟಳೆ. ಪ್ರತಿ ಮಾಡುತ್ತಿದ್ದ ಗಜಪತಿ ಉಪಾಧ್ಯಾಯರು ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನೂ ಮಾಡಿಕೊಂಡರು. ಆ ಬರವಣಿಗೆಯಲ್ಲಿ ಅವರ ಪತ್ನಿಯ ಕೈಯೂ ಇತ್ತು. ಅದು ಉತ್ತರದ ಸಹಾರನಪುರವನ್ನು ಸೇರಿ, ಅಲ್ಲಿ ನಾಗರಿಗೆ ಇಳಿದು, ಅಲ್ಲಿಂದ ಪ್ರತಿಗಳು ಹಬ್ಬಿದವು. ೧೯೩೯ರಲ್ಲಿ ಪ್ರೊಫೆಸರ್ ಹೀರಾಲಾಲ್ ಜೈನರು ಧವಲೆಯ ಮೊದಲ ಸಂಪುಟವನ್ನು ಅಚ್ಚುಮಾಡಿದರು. ಆಮೇಲೆ ಮೂಡಬಿದಿರೆಯವರೂ ಮನಸ್ಸು ಮಾಡಿ ಮೂಲ ಓಲೆಗಳೊಡನೆ ಪಾಠವನ್ನು ತಾಳೆನೋಡಲು ಒಪ್ಪಿದರು. ಇಂದು ಧವಲೆ ೧೬, ಜಯಧವಲೆ ೧೬, ಮಹಾಬಂಧ ೭, ಒಟ್ಟು ೩೯ ಸಂಪುಟಗಳು ಯಾವ ಒಳ್ಳೆಯ ಪುಸ್ತಕಾಲಯದಲ್ಲಿಯಾದರೂ ಸಿಕ್ಕುತ್ತವೆ. ಮಹಾಬಂಧದ ಓಲೆಯ ಕೊನೆಯಲ್ಲಿ, ಸೇನನ ಮಡದಿ ಮಲ್ಲಿಕಬ್ಬೆ ಎಂಬಾಕೆ ವ್ರತದ ಉದ್ಯಾಪನೆಗಾಗಿ ಅದನ್ನು ಬರೆಯಿಸಿ ಮಾಘಣಂದಿ ಮುನಿಗೆ ದಾನಕೊಟ್ಟಳೆಂದು ಬರೆದಿದೆ. ಅದೇ ಮಲ್ಲಿಕಬ್ಬೆ ಭೂವಲಯವನ್ನೂ ಪ್ರತಿಮಾಡಿಸಿದಳೆಂದು ಹೇಳುವವರುಂಟು. ಓಲೆಯ ಮೇಲೆ ಇರುವ ಹೆಸರಿಗೂ ಬಾಯಿಂದ ಬಾಯಿಗೆ ಬಂದ ಹೆಸರಿಗೂ ಇರುವ ತೂಕದ ವ್ಯತ್ಯಾಸ ಇಲ್ಲಿ ಚೆನ್ನಾಗಿ ಕಾಣುತ್ತದೆ.

ಹೊರದೇಶದಲ್ಲಿಯೂ ಇಂಥದೊಂದು ಒಗಟಿದೆ. ೧೯೧೨ರಲ್ಲಿ ವಾಯ್ನಿಚ್ ಎಂಬ ಪುಸ್ತಕವ್ಯಾಪಾರಿ ಇಟಲಿಯಲ್ಲಿ ಒಂದು ಚರ್ಮದ ಹಾಳೆಯ ಹೊತ್ತಗೆಯನ್ನು ಕೊಂಡನು; ಗುರುತು ಸಿಗದ ಗಿಡಗಳ ಚಿತ್ರ, ಯಾರಿಗೂ ತಿಳಿಯದ ಲಿಪಿ. ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಅದನ್ನು ಓದಿದೆನೆಂದು ಹೇಳಿಕೊಂಡವರು ಎಷ್ಟೋ ಜನ. ಒಬ್ಬರ ಓದು ಇನ್ನೊಬ್ಬರದಕ್ಕೆ ಕೂಡಲಿಲ್ಲ. ವಾಯ್ನಿಚ್ ತಾನೇ ಅದನ್ನು ಕಟ್ಟಿದನೆಂದು ಸಂಶಯಪಟ್ಟವರೂ ಇದ್ದರು. ೨೦೦೯ರಲ್ಲಿ ಆ ಚರ್ಮದ ಚೂರುಗಳನ್ನು ಇಂಗಾಲದ ಪರೀಕ್ಷೆಗೆ ಕೊಟ್ಟಾಗ ಅದು ೧೪೦೪ಕ್ಕೂ ೧೪೩೮ಕ್ಕೂ ನಡುವಿನದೆಂದು ತಿಳಿಯಿತು. ಅರ್ಥವಾಗದಿದ್ದರೂ ಚರ್ಮದ ವಯಸ್ಸು ಗಟ್ಟಿಯಾಯಿತು, ಅರ್ಧ ಜಗಳ ಮುಗಿಯಿತು. ಅದೇ ೧೯೧೨ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ನಮ್ಮ ಮಹಾವೀರಾಚಾರ್ಯನ ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚುಹಾಕಿಸಿದರು. ಗುಣಿಸಿದಾಗ ಹಿಂದುಮುಂದಾಗಿ ಓದಿದರೂ ಒಂದೇ ಆಗಿರುವ, ಹಾರದಂತೆ ಕಾಣುವ ಸಂಖ್ಯೆಗಳು ಅದರಲ್ಲಿವೆ. ಅಂಕೆಗಳನ್ನು ಕಂಡು ಕುಣಿಯುವ ಮನಸ್ಸು ಮಾನ್ಯಖೇಟದ ಕಾಲದಲ್ಲಿ ಇದ್ದೇ ಇತ್ತು. ಅದನ್ನು ತೋರಿಸಲು ಭೂವಲಯವನ್ನು ಅಷ್ಟು ಹಿಂದಕ್ಕೆ ಒಯ್ಯಬೇಕಾಗಿಲ್ಲ.

ಭೂವಲಯದ ಹಾಳೆಗಳು ತಾಳೆಯೋಲೆಯಲ್ಲ, ಕೋರಿಕಾಗದದವು. ಕಾಗದದ ವಯಸ್ಸನ್ನು ಪರೀಕ್ಷಿಸಲು ಬರುತ್ತದೆ. ಮಸಿಯನ್ನು ನೋಡಲು ಬರುತ್ತದೆ. ಅಂಕೆಗಳನ್ನು ಬರೆದ ಕೈಯ ಮೋಡಿಯನ್ನು ಕಾಲ ತಿಳಿದ ಬೇರೆ ಬರಹಗಳೊಡನೆ ಇಟ್ಟು ಹೋಲಿಸಲು ಬರುತ್ತದೆ. ೧,೨೭೦ ಚಕ್ರಗಳ ಮೊದಲ ಪದರವನ್ನು, ಒಬ್ಬರ ಮುಖ ಇನ್ನೊಬ್ಬರು ನೋಡದ ಎರಡು ತಂಡಗಳು ಬೇರೆ ಬೇರೆಯಾಗಿ ಓದಿ ತಾಳೆನೋಡುವುದಕ್ಕೆ ಇಂದಿನ ಯಂತ್ರಗಳಿಂದ ಕೆಲವು ತಿಂಗಳು ಸಾಕು. ಯಲ್ಲಪ್ಪಶಾಸ್ತ್ರಿಗಳ ಕಾಲದಲ್ಲಿ ಅದಕ್ಕೆ ಸೀಮೆಎಣ್ಣೆಯ ದೀಪ, ಗೆರೆ ಎಳೆಯುವ ಪಟ್ಟಿ, ಮತ್ತು ಒಬ್ಬ ಮನುಷ್ಯನ ಕಣ್ಣು ಮಾತ್ರ ಇದ್ದವು. ಮಳಖೇಡಕ್ಕೆ ಹೋದವರು ಕೋಟೆಯೊಳಗಿನ ಉತ್ತರಾದಿಮಠದ ಜಯತೀರ್ಥರ ಸನ್ನಿಧಿಗೂ ನೇಮಿನಾಥ ಬಸದಿಗೂ ಹೋಗಿ ಬರುತ್ತಾರೆ. ಬಸದಿಯೊಳಗೆ ಸಾಲುಸಾಲಾಗಿ ಜಿನಬಿಂಬಗಳನ್ನು ಕೂಡಿಸಿದ ಲೋಹದ ಪುಟ್ಟ ಮಂಟಪವೊಂದಿದೆ. ಅರ್ಚಕರು ದೀಪ ಹಿಡಿದಾಗ ಮಕ್ಕಳು ಆ ಬಿಂಬಗಳನ್ನು ಬೆರಳಿಟ್ಟು ಎಣಿಸುವುದನ್ನು ನೋಡಿದ್ದೇನೆ. ಒಬ್ಬರ ಲೆಕ್ಕ ತಪ್ಪಿದರೆ ಪಕ್ಕದವರು ಮೊದಲಿನಿಂದ ಎಣಿಸುತ್ತಾರೆ.